ಹಿಂದಿನ ಸಾಲಿನ ಕೋಣೆಗಳು

ಟುಕುಮ್‌ಕ್ಯಾರಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಪೂರ್ವ ಅಂಚಿನಲ್ಲಿರುವ ಪುಟ್ಟ ಊರು. ಐದು ಸಾವಿರ ಚಿಲ್ಲರೆ ಜನಸಂಖ್ಯೆ. ಒಂದು ಕಾಲದಲ್ಲಿ ಈ ಊರಿನ ಹೆಸರು ನೂರಾರು ಮೈಲಿ ಆಚೆಯಿಂದಲೇ ರಸ್ತೆಬದಿಯ ಫಲಕಗಳಲ್ಲಿ ಕಾಣಿಸತೊಡಗುತ್ತಿತ್ತು: ಇವತ್ತು ರಾತ್ರಿ ಟುಕುಮ್‌ಕ್ಯಾರಿಯಲ್ಲಿ ತಂಗಿ, ಎರಡು ಸಾವಿರ ಮೋಟೆಲ್ ಕೋಣೆಗಳಿವೆ ಎಂದು. ಷಿಕಾಗೊದಿಂದ ಲಾಸ್ ಏಂಜಲೀಸ್ ಕಡೆಗೆ ಎಂಟು ರಾಜ್ಯ ದಾಟಿ, ಹೆಚ್ಚುಕಡಿಮೆ 3,900 ಕಿಲೊಮೀಟರ್ ಸಾಗುತ್ತಿದ್ದ ರೂಟ್ 66 ಹೆದ್ದಾರಿಯೇ ಊರಿನ ಮುಖ್ಯಬೀದಿ. ಟೆಕ್ಸಸ್ಸಿನ ಬಯಲು ದಾಟಿ ಬಂದವರಿಗೆ ಇಲ್ಲಿಗೆ ತಲುಪುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಆಲ್ಬುಕರ್ಕಿ ಇನ್ನೂ 280 ಕಿಲೊಮೀಟರ್. ದಾರಿಹೋಕರಿಗೆ ಹಾಸಿಗೆ ಹಾಸಿಕೊಡುವುದೇ ಊರಿನ ಕಸುಬಾಯಿತು.

1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆಗೆ ಸಹಿ ಹಾಕಿದರು. ಆ ಯೋಜನೆಯಲ್ಲಿ ಬಂದ ಇಂಟರ್‌ಸ್ಟೇಟ್ 40, 1980ರ ದಶಕದ ಆರಂಭದಲ್ಲಿ ಟುಕುಮ್‌ಕ್ಯಾರಿಯನ್ನು ಪಕ್ಕಕ್ಕೆ ಸರಿಸಿ ಊರಿನ ದಕ್ಷಿಣಕ್ಕೆ ಹಾದುಹೋಯಿತು. 1985ರಲ್ಲಿ ರೂಟ್ 66 ಅಧಿಕೃತ ಹೆದ್ದಾರಿಗಳ ಪಟ್ಟಿಯಿಂದಲೇ ಹೊರಬಿತ್ತು. ಬೈಪಾಸ್ ಆದ ಮೇಲೆ ನಮ್ಮ ಹಳೆಯ ಹೆದ್ದಾರಿ ಊರುಗಳ ಚಹಾದಂಗಡಿ, ಪಂಕ್ಚರ್ ಅಂಗಡಿಗಳಿಗೆ ಏನಾಯಿತೋ ಅಲ್ಲಿನ ಮೋಟೆಲುಗಳಿಗೂ ಅದೇ ಆಯಿತು.

ಈಗ ಆ ಬೀದಿಯಲ್ಲಿ ನಡೆದರೆ ಕೆಲವು ಮೋಟೆಲುಗಳ ಬಾಗಿಲಿಗೆ ಹಲಗೆ ಬಡಿದಿರುವುದು ಕಾಣುತ್ತದೆ. ಕೆಲವು ನಿಯಾನ್ ದೀಪ ಸರಿಪಡಿಸಿಕೊಂಡು, ಹಳೆಯ ಕಾಲದ ಕಾರೊಂದನ್ನು ಮುಂದೆ ನಿಲ್ಲಿಸಿಕೊಂಡು ಪ್ರವಾಸಿಗರಿಗಾಗಿ ಸಿಂಗರಿಸಿಕೊಂಡಿವೆ. ಇವೆರಡಕ್ಕೂ ಸೇರದ ಇನ್ನೊಂದಿಷ್ಟು ಇವೆ. ಅವುಗಳ ಫೋಟೊವನ್ನು ಯಾರೂ ತೆಗೆಯುವುದಿಲ್ಲ. ಫಲಕದ ಅರ್ಧ ಅಕ್ಷರ ಉರಿಯುವುದಿಲ್ಲ, ಗೋಡೆಯ ಬಣ್ಣ ಹಕ್ಕಳೆ ಎದ್ದಿದೆ, ಆದರೆ ಪ್ರತಿ ಬಾಗಿಲ ಮುಂದೆಯೂ ಒಂದು ಗಾಡಿ ನಿಂತಿರುತ್ತದೆ. ನನಗೆ ಕೋಣೆ ಸಿಕ್ಕಿದ್ದು ಅಂಥದ್ದೊಂದರಲ್ಲಿ. ಅಮೆರಿಕದ ಬಗ್ಗೆ ನನಗಿದ್ದ ಎಷ್ಟೋ ತಿಳಿವಳಿಕೆಯನ್ನು ಆ ಮೋಟೆಲು ಬುಡಸಹಿತ ಬದಲಿಸಿತು. ಈ ಲೇಖನ ಬರೆಯುತ್ತಿರುವುದೂ ಅದರ ಋಣದಿಂದಲೇ.

ಗಾಳಿಯಂತ್ರಗಳ ಗೇರ್‌ಬಾಕ್ಸ್ ತಪಾಸಣೆ ನನ್ನ ಉದ್ಯೋಗ. ಕೆಲಸ ಕಲಿತದ್ದು ಗದಗದ ಕಪ್ಪತಗುಡ್ಡದ ಸೀಮೆಯಲ್ಲಿ, ನಮ್ಮ ಕಡೆಯ ಜನ 'ಫ್ಯಾನು' ಎನ್ನುವ ಆ ಬಿಳಿಯ ಕಂಬಗಳ ಮೇಲೆ. ನ್ಯೂ ಮೆಕ್ಸಿಕೊದ ಪೂರ್ವಭಾಗವೂ ಗಾಳಿಯ ಸೀಮೆಯೇ. ಟುಕುಮ್‌ಕ್ಯಾರಿಯ ಮೆಸಾಲ್ಯಾಂಡ್ಸ್ ಕಮ್ಯುನಿಟಿ ಕಾಲೇಜಿನಲ್ಲಿ ವಿಂಡ್ ಟರ್ಬೈನ್ ದುರಸ್ತಿ ಕಲಿಸುವ ಕೋರ್ಸಿದೆ. ಹುಡುಗರು ಹತ್ತಿ ಇಳಿದು ಕಲಿಯಲೆಂದು ಪೂರ್ಣ ಗಾತ್ರದ ಟರ್ಬೈನನ್ನೇ ಅಲ್ಲಿ ನಿಲ್ಲಿಸಿದ್ದಾರೆ. ಒಂದು ಸ್ಥಾವರದಲ್ಲಿ ಬೇರಿಂಗುಗಳು ಅವಧಿಗೆ ಮೊದಲೇ ಸವೆಯುತ್ತಿದ್ದವು. ಗೇರ್‌ಬಾಕ್ಸಿನ ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಎಣ್ಣೆಯ ಮಾದರಿ ತೆಗೆದು, ಕಂಪನದ ದಾಖಲೆಗಳನ್ನು ತಾಳೆ ಹಾಕಲು ನನ್ನನ್ನು ಕಳಿಸಿದ್ದರು.

ಈ ಕಸುಬಿನವರು ಎಲ್ಲಿ ಮಲಗುತ್ತಾರೆ ಎಂಬುದರ ಹಿಂದೆ ಒಂದು ಲೆಕ್ಕಾಚಾರವಿದೆ. ಟರ್ಬೈನ್ ತಂತ್ರಜ್ಞರಿಗೆ, ಪೈಪ್‌ಲೈನ್ ವೆಲ್ಡರುಗಳಿಗೆ, ಕ್ರೇನ್ ಓಡಿಸುವವರಿಗೆ ಕಂಪನಿಗಳು ದಿನಕ್ಕಿಷ್ಟು ಎಂದು ಭತ್ಯೆ ಕೊಡುತ್ತವೆ. ಕೋಣೆ, ಊಟ ಎರಡೂ ಅದರಲ್ಲೇ ಆಗಬೇಕು, ಉಳಿದದ್ದು ಅವರದ್ದು. ಹಾಗಾಗಿ ಅಗ್ಗದ ಕೋಣೆಯನ್ನು ಇಬ್ಬರು ಹಂಚಿಕೊಂಡು, ಮೈಕ್ರೊವೇವ್‌ನಲ್ಲಿ ಬೇಯಿಸಿ ತಿಂದು, ಮಿಕ್ಕ ಹಣವನ್ನು ಮನೆಗೆ ಕಳಿಸುತ್ತಾರೆ. ಸರಕಾರಿ ನೌಕರಿಯಲ್ಲಿದ್ದ ನಮ್ಮ ಹಿರಿಯರು ಟಿಎ-ಡಿಎ ಉಳಿಸಿ ಮಕ್ಕಳ ಫೀಜು ಕಟ್ಟಿದ್ದು ನೆನಪಿರುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಮ್ಮ ತಂಡದ ಹುಡುಗರು ವರ್ಷದಲ್ಲಿ ಹೆಚ್ಚಿನ ಕಾಲ ಮೋಟೆಲುಗಳಲ್ಲೇ ಕಳೆಯುವವರು. ಯಾವ ಊರಿನಲ್ಲಿ ಯಾವ ಮಾಲೀಕ ವಾರದ ಬಾಡಿಗೆಗೆ ಕೊಡುತ್ತಾನೆ, ಎಲ್ಲಿ ಬಿಸಿನೀರು ಬೆಳಿಗ್ಗೆ ನಾಲ್ಕಕ್ಕೂ ಬರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಈ ಮೋಟೆಲನ್ನು ಆರಿಸಿದ್ದೂ ಅವರೇ.

ಕಟ್ಟಡ ಇಂಗ್ಲಿಷಿನ ಎಲ್ ಆಕಾರದ್ದು, ಒಂದೇ ಅಂತಸ್ತು. ರಸ್ತೆಗೆ ಮುಖ ಮಾಡಿದ ಒಂದು ಸಾಲು, ಅದಕ್ಕೆ ಅಡ್ಡಲಾಗಿ ಹಿಂದಕ್ಕೆ ಹೋಗುವ ಇನ್ನೊಂದು ಸಾಲು. ಕೋಣೆಯ ಬಾಗಿಲು ತೆರೆದರೆ ನೇರ ಕಾರಿನ ಮುಂದೆಯೇ ಕಾಲಿಡಬೇಕು. ಮೋಟೆಲಿನ ಸೊಗಸೂ ಇದೇ, ಅಳುಕೂ ಇದೇ. ನಡುವೆ ಈಜುಕೊಳವಿದ್ದ ಜಾಗಕ್ಕೆ ಮಣ್ಣು ತುಂಬಿ ಸಮತಟ್ಟು ಮಾಡಿದ್ದರು. ಕೊಳವಿದ್ದರೆ ವಿಮೆಯ ಕಂತು ಏರುತ್ತದೆ. ಹಳೆಯ ಮೋಟೆಲುಗಳು ಅದನ್ನು ಮುಚ್ಚಿಬಿಡುವುದು ಸಾಮಾನ್ಯ. ಏಣಿಯ ಮೇಲಿನೆರಡು ಉಕ್ಕಿನ ಹಿಡಿಗಳು ಮಾತ್ರ ನೆಲದಿಂದ ಎದ್ದು ನಿಂತಿದ್ದವು, ಅವುಗಳ ಮಧ್ಯೆ ಕೊತ್ತಂಬರಿ ಮತ್ತು ಮೆಣಸಿನ ಗಿಡ.

ಕೋಣೆಯೊಳಗೆ ಕಿಟಕಿಯ ಕೆಳಗೆ ಗೋಡೆಗೆ ಕೂರಿಸಿದ ಏಸಿ. ಅದು ಚಾಲೂ ಆದಾಗ ಮಂಚ ಅದುರುತ್ತಿತ್ತು. ಕಂಪನ ಅಳೆಯುವವಳಾದ ನನಗೆ ಅದರ ಮೋಟರಿನ ಬೇರಿಂಗ್ ಯಾವ ಹಂತಕ್ಕೆ ಬಂದಿದೆ ಎಂದು ಮಲಗಿದಲ್ಲೇ ತಿಳಿಯುತ್ತಿತ್ತು. ಹೊದಿಕೆಯ ಮೇಲೆ ಎಂದೋ ಯಾರದೋ ಸಿಗರೇಟಿನ ಕೆಂಡ ಬಿದ್ದು ಆದ ತೂತುಗಳು. ಆ ತೂತುಗಳಿಗೆ ಅದೇ ಬಣ್ಣದ ದಾರದಿಂದ ರಫೂ ಹಾಕಿತ್ತು. ಬಚ್ಚಲಿನ ಒಡೆದ ಟೈಲ್ಸಿನ ಜಾಗದಲ್ಲಿ ಬೇರೆ ಬೇರೆ ಬಣ್ಣದ ಟೈಲ್ಸುಗಳು. ಒಂದು ಕಡೆ ಬಿಳಿ, ಇನ್ನೊಂದೆಡೆ ತಿಳಿಹಸಿರು, ಕನ್ನಡಿಯ ಕೆಳಗೆ ಗುಲಾಬಿ. ಕದದ ಬೀಗ ಎರಡು ಸಲ ಬದಲಾಗಿತ್ತು, ಹಳೆಯ ಬೀಗಗಳ ಗುರುತು ಮರದ ಮೇಲೆ ಹಾಗೇ ಇತ್ತು. ಆದರೆ ಹಾಸಿನ ಬಟ್ಟೆ ಶುಭ್ರ. ತಲೆದಿಂಬಿಗೆ ಬಿಸಿಲಿನ ವಾಸನೆ. ಒಂದೇ ಒಂದು ತಿಗಣೆ ಇಲ್ಲ, ನಲ್ಲಿಯಲ್ಲಿ ಸುಡುಸುಡು ನೀರು. ಇದು ಹಾಳುಬಿಟ್ಟ ಜಾಗವೇ ಎಂದು ಮೊದಲ ದಿನವೇ ಅನುಮಾನ ಬಂತು. ಇಲ್ಲಿ ಯಾರೋ ದುಡ್ಡಿಲ್ಲದೆ, ಆದರೆ ಕೈ ಬಿಡದೆ, ಪ್ರತಿಯೊಂದನ್ನೂ ದುರಸ್ತಿ ಮಾಡುತ್ತ ಬಂದಿದ್ದರು.

ಆ ಕೈಗಳು ಎಪ್ಪತ್ತು ದಾಟಿದ ಗುಜರಾತಿ ಹೆಂಗಸಿನವು. ಆಫೀಸಿನ ಗಾಜಿನ ಹಿಂದೆ ಬಿಳಿಯ ಹತ್ತಿ ಸೀರೆಯ ಮೇಲೆ ಗಂಡಸರ ಉಣ್ಣೆಯ ಕೋಟು ತೊಟ್ಟು ಕೂತಿರುತ್ತಿದ್ದರು. ಮನೆಯವರು, ಬಾಡಿಗೆಯವರು ಎಲ್ಲರಿಗೂ ಅವರು 'ಬಾ', ಅಂದರೆ ಗುಜರಾತಿಯಲ್ಲಿ ಅಮ್ಮ. ನನ್ನ ಹೆಸರು ನೋಡಿ, ಮುಖ ನೋಡಿ, ಹಿಂದಿಯಲ್ಲಿ ಕೇಳಿದರು: "ಒಬ್ಬಳೇ ಬಂದಿದ್ದೀಯಾ, ದೀಕ್ರಿ?" ದೀಕ್ರಿ ಎಂದರೆ ಗುಜರಾತಿಯಲ್ಲಿ ಮಗಳು. ಹೌದೆಂದೆ. ಬೇರೆ ಕೋಣೆಯ ಕೀಲಿಕೈ ತೆಗೆದಿಟ್ಟಿದ್ದವರು ಅದನ್ನು ಮೊಳೆಗೆ ಮರಳಿ ಸಿಕ್ಕಿಸಿ, ಆಫೀಸಿಗೆ ಅಂಟಿಕೊಂಡ ಕೋಣೆಯದನ್ನು ಕೊಟ್ಟರು. "ನಮಗೂ ನಿನಗೂ ನಡುವೆ ಒಂದೇ ಗೋಡೆ. ರಾತ್ರಿ ಯಾರಾದರೂ ಬಾಗಿಲು ಬಡಿದರೆ ತೆಗೆಯಬೇಡ, ಗೋಡೆ ಬಡಿ."

ಆ ಗೋಡೆಯ ಆಚೆ ಅವರ ಮನೆ. ಬೆಳಿಗ್ಗೆ ಐದಕ್ಕೇ ಸಾಸಿವೆ, ಇಂಗಿನ ಒಗ್ಗರಣೆಯ ವಾಸನೆ ನನ್ನ ಕೋಣೆಗೆ ಬರುತ್ತಿತ್ತು. ಅಮೆರಿಕದ ಸಣ್ಣ ಮೋಟೆಲುಗಳಲ್ಲಿ ಮಾಲೀಕರ ಸಂಸಾರ ಲಾಬಿಯ ಹಿಂದೆಯೇ ಇರುತ್ತದೆ. ಸಮಾಜಶಾಸ್ತ್ರಜ್ಞ ಪವನ್ ಧಿಂಗ್ರಾ ಈ ಬದುಕಿನ ಬಗ್ಗೆ 2012ರಲ್ಲಿ 'ಲೈಫ್ ಬಿಹೈಂಡ್ ದಿ ಲಾಬಿ' ಎಂಬ ಪುಸ್ತಕವನ್ನೇ ಬರೆದಿದ್ದಾರೆ. ರಾತ್ರಿ ಎರಡಕ್ಕೆ ಗಂಟೆ ಬಾರಿಸಿದರೂ ಎದ್ದು ಬರಬೇಕು, ಹಬ್ಬಕ್ಕೂ ಬೀಗ ಹಾಕುವಂತಿಲ್ಲ. ಮಕ್ಕಳು ಹೋಮ್‌ವರ್ಕ್ ಮಾಡುವುದೂ ಗಿರಾಕಿಗಳ ಎದುರಿಗೇ.

ಅಮೆರಿಕದ ಮೋಟೆಲುಗಳ ಪೈಕಿ ಇಷ್ಟೊಂದು ಗುಜರಾತಿಗಳ ಕೈಯಲ್ಲಿರುವುದರ ಹಿಂದೆ ದೊಡ್ಡ ಕಥೆಯಿದೆ. 1942ರಲ್ಲಿ, ಜಪಾನಿ ಮೂಲದ ಅಮೆರಿಕನ್ನರನ್ನು ಸರಕಾರ ಶಿಬಿರಗಳಿಗೆ ತಳ್ಳಿದಾಗ, ಹಾಗೆ ಖಾಲಿಯಾದ ಸ್ಯಾಕ್ರಮೆಂಟೊದ ಒಂದು ಹೋಟೆಲನ್ನು ನಡೆಸಲು ತೆಗೆದುಕೊಂಡವರಲ್ಲಿ ಕಾಂಜಿಭಾಯಿ ದೇಸಾಯಿ ಒಬ್ಬರು. ಸೂರತ್ ಕಡೆಯಿಂದ ಬಂದು ಹೊಲಗಳಲ್ಲಿ ದುಡಿಯುತ್ತಿದ್ದವರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೋಟೆಲು ಹಿಡಿದು, ಊರಿನಿಂದ ಬಂದ ಪ್ರತಿಯೊಬ್ಬ ಪಟೇಲನಿಗೂ ಅದೇ ದಾರಿ ತೋರಿಸಿದರು. 1965ರ ವಲಸೆ ಕಾಯ್ದೆ ಬಾಗಿಲು ಅಗಲ ಮಾಡಿತು. 1972ರಲ್ಲಿ ಇದಿ ಅಮೀನ್ ಯುಗಾಂಡದ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ಓಡಿಸಿದ. ಬಾ ಅವರ ಗಂಡನ ಮನೆಯವರು ಕಂಪಾಲಾದಲ್ಲಿ ಬಟ್ಟೆ ಅಂಗಡಿ ಬಿಟ್ಟು ಹೊರಟವರು. ಅದೇ ದಶಕದಲ್ಲಿ ಪೆಟ್ರೋಲು ದುಬಾರಿಯಾಗಿ, ಹೊಸ ಹೆದ್ದಾರಿಗಳು ಊರುಗಳನ್ನು ಬಿಟ್ಟು ಸಾಗಿ, ಹಳೆಯ ಮೋಟೆಲುಗಳು ಅಗ್ಗವಾಗಿ ಬಿಕರಿಗೆ ಬಿದ್ದವು.

ಕೊಳ್ಳುವ ಹಣ ಬ್ಯಾಂಕಿನಿಂದ ಬರಲಿಲ್ಲ. ಭಾವ ಇಷ್ಟು, ಸೋದರಮಾವ ಇಷ್ಟು, ಊರಿನವರೊಬ್ಬರು ಇಷ್ಟು, ಎಲ್ಲ ಕೈಗಡ, ಕಾಗದಪತ್ರವಿಲ್ಲ. ಮೋಟೆಲು ಕೊಂಡರೆ ಬೇರೆ ಮನೆ ಬೇಡ, ಕೆಲಸಕ್ಕೆ ಆಳು ಬೇಡ. ಮುಂಬಯಿಗೆ ಹೋದ ನಮ್ಮ ಉಡುಪಿ ಹೋಟೆಲಿನವರು ಒಬ್ಬರನ್ನೊಬ್ಬರು ಹೇಗೆ ಮೇಲೆತ್ತಿದರು ಎಂದು ಬಲ್ಲವರಿಗೆ ಈ ದಾರಿ ಅಪರಿಚಿತವಲ್ಲ. ಆದರೆ ಹಾದಿ ಸಲೀಸಾಗಿರಲಿಲ್ಲ. ಪಟೇಲ್ ಎಂಬ ಹೆಸರು ಕಂಡರೆ ವಿಮಾ ಕಂಪನಿಗಳು ಅರ್ಜಿ ತಿರಸ್ಕರಿಸುತ್ತಿದ್ದವು, ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಎದುರುಗಡೆಯ ಮೋಟೆಲಿನವರು 'ಅಮೆರಿಕನ್ನರ ಒಡೆತನ' ಎಂದು ಬೋರ್ಡು ಹಾಕಿಕೊಳ್ಳುತ್ತಿದ್ದರು. ಈ ತಾರತಮ್ಯವನ್ನು ಎದುರಿಸಲೆಂದೇ 1989ರಲ್ಲಿ ಅಟ್ಲಾಂಟಾದಲ್ಲಿ ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘ ಹುಟ್ಟಿತು. ಇಂದು ಅಮೆರಿಕದ ಹೋಟೆಲುಗಳಲ್ಲಿ ನೂರಕ್ಕೆ 60ರಷ್ಟು ತನ್ನ ಸದಸ್ಯರವು ಎಂದು ಆ ಸಂಘ ಹೇಳುತ್ತದೆ. 2024ರಲ್ಲಂತೂ, 1962ರಲ್ಲಿ ರಾತ್ರಿಗೆ ಆರು ಡಾಲರಿನ ಕೋಣೆ ಎಂದು ಶುರುವಾದ 'ಮೋಟೆಲ್ 6' ಸರಪಳಿಯನ್ನು ನಮ್ಮ ಓಯೊ ಕಂಪನಿ 52.5 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು.

ಈ ಯಶಸ್ಸಿನ ಕಥೆಯನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಅದರಲ್ಲಿ ಬಾ ಅವರಂಥವರು ಇರುವುದಿಲ್ಲ. ಅವರ ಬಳಿ ಇದ್ದದ್ದು ಈ ಒಂದೇ ಮೋಟೆಲು. ಗಂಡ ತೀರಿಹೋದ ಮೇಲೆ ಮಗ ಆಲ್ಬುಕರ್ಕಿಯಲ್ಲಿ ಫಾರ್ಮಸಿಸ್ಟ್ ಆದ. ಸೊಸೆ ಅಮೆರಿಕದಲ್ಲೇ ಹುಟ್ಟಿದ ಹುಡುಗಿ, ಲೆಕ್ಕಪತ್ರ ಓದಿದವಳು. ವಾರದ ಮಧ್ಯದಲ್ಲಿ ಬಂದು ತಿಜೋರಿ, ತೆರಿಗೆ ನೋಡಿಕೊಳ್ಳುತ್ತಿದ್ದಳು. ಹಾಸಿಗೆ ಬಟ್ಟೆ ಒಗೆಯುವುದು, ಕೋಣೆ ಗುಡಿಸುವುದು, ಟೈಲ್ಸು ಕೂರಿಸುವುದು ಬಾ ಮತ್ತು ಒಬ್ಬ ಮೆಕ್ಸಿಕನ್ ಹೆಂಗಸು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಬಾ ಸ್ಪ್ಯಾನಿಷ್ ಕಲಿತಿದ್ದರು.

ಮಾರ್ಚ್ ತಿಂಗಳು ಆ ಸೀಮೆಯಲ್ಲಿ ಗಾಳಿಯ ಕಾಲ. ಗಾಳಿಯ ವೇಗ ಮಿತಿ ದಾಟಿದರೆ ಟರ್ಬೈನಿನ ಮೇಲೆ ಹತ್ತಿ ಕೆಲಸ ಮಾಡುವಂತಿಲ್ಲ; ಗಾಳಿಯಿಂದಲೇ ಅನ್ನ ತಿನ್ನುವವರು ಅದೇ ಗಾಳಿ ಹೆಚ್ಚಾದ ದಿನ ಕೈಕಟ್ಟಿ ಕೂರಬೇಕು. ಅಂಥ ದಿನಗಳಲ್ಲೇ ನನಗೆ ಹಿಂದಿನ ಸಾಲಿನ ಪರಿಚಯವಾದದ್ದು.

ಮುಂದಿನ ಸಾಲಿನಲ್ಲಿ ನಮ್ಮಂಥ ಕೆಲಸದವರು, ಅಪರೂಪಕ್ಕೊಬ್ಬ ಪ್ರವಾಸಿ. ಹಿಂದಿನ ಸಾಲಿನಲ್ಲಿ ಯಾರೂ ಪ್ರಯಾಣಿಕರಲ್ಲ. ಅವರು ಅಲ್ಲೇ ವಾಸವಿದ್ದರು. ಒಂದು ಕೋಣೆಯಲ್ಲಿ ಲಾರಿ ಓಡಿಸಿ ನಿವೃತ್ತನಾದ ಮುದುಕ, ಮೂಗಿಗೆ ಆಮ್ಲಜನಕದ ಕೊಳವೆ. ಅವನ ಬಾಗಿಲ ಮುಂದೆ ಯಾರೂ ಸಿಗರೇಟು ಹಚ್ಚಬಾರದೆಂದು ಬಾ ಕಟ್ಟಪ್ಪಣೆ ಮಾಡಿದ್ದರು. ಹನ್ನೊಂದನೆಯ ಕೋಣೆಯಲ್ಲಿ ಹೆದ್ದಾರಿಯ ಟ್ರಕ್ ನಿಲ್ದಾಣದ ಅಡುಗೆಮನೆಯಲ್ಲಿ ದುಡಿಯುವ ತಾಯಿ, ಇಬ್ಬರು ಮಕ್ಕಳು. ಒಂದೇ ಕೋಣೆಯಲ್ಲಿ ಎರಡು ಮಂಚ, ಒಂದು ಮೈಕ್ರೊವೇವ್, ಮೊಣಕಾಲೆತ್ತರದ ಫ್ರಿಜ್. ಕಿಟಕಿಗೆ ಹುಡುಗಿ ಬರೆದ ಚಿತ್ರಗಳು.

ವಾರವಾರ ಕಟ್ಟುವ ಬಾಡಿಗೆ ಕೂಡಿಸಿದರೆ ತಿಂಗಳಿಗೆ ಒಂದು ಸಣ್ಣ ಮನೆಯ ಬಾಡಿಗೆಗಿಂತ ಕಡಿಮೆಯೇನಲ್ಲ. ಹಾಗಾದರೆ ಮನೆ ಮಾಡಬಾರದೇಕೆ? ಆ ತಾಯಿಯೇ ವಿವರಿಸಿದಳು. ಮನೆ ಬೇಕೆಂದರೆ ಮುಂಗಡ ಠೇವಣಿ, ಮೊದಲ ತಿಂಗಳ ಬಾಡಿಗೆ, ಕೆಲವರು ಕೊನೆಯ ತಿಂಗಳಿನದನ್ನೂ ಕೇಳುತ್ತಾರೆ, ಎಲ್ಲ ಒಟ್ಟಿಗೇ. ಅದರ ಮೇಲೆ ಸಾಲ ತೀರಿಸಿದ ಚರಿತ್ರೆಯ ಅಂಕ, ಹಿಂದಿನ ಮನೆಯಿಂದ ಹೊರಹಾಕಿಸಿಕೊಂಡಿದ್ದರೆ ಅದರ ದಾಖಲೆ. ಗಂಡನ ಆಸ್ಪತ್ರೆ ಬಿಲ್ಲು ಅವಳ ಅಂಕವನ್ನು ನೆಲಕ್ಕಿಳಿಸಿತ್ತು. ಕೈಯಲ್ಲಿ ಒಂದು ವಾರದ ದುಡ್ಡು ಸದಾ ಇರುತ್ತದೆ. ಮೂರು ತಿಂಗಳ ದುಡ್ಡು ಒಮ್ಮೆಲೇ ಎಂದೂ ಇರುವುದಿಲ್ಲ. ಬಡವರು ಹೆಚ್ಚು ಬೆಲೆ ಕೊಟ್ಟು ಕಡಿಮೆ ಪಡೆಯುವುದು ನಮ್ಮಲ್ಲೂ ಉಂಟು, ಆದರೆ ಶ್ರೀಮಂತ ದೇಶವೊಂದರ ಕಾನೂನು-ಕಾಗದಗಳೇ ಅದನ್ನು ಇಷ್ಟು ಅಚ್ಚುಕಟ್ಟಾಗಿ ಏರ್ಪಡಿಸಿರುವುದನ್ನು ಕಂಡು ನನಗೆ ಸಿಟ್ಟು ಬಂತು. ಆ ಸಿಟ್ಟು ಈಗಲೂ ಇದೆ.

ಇನ್ನೂ ಒಂದು ಕಟ್ಟುಪಾಡು. ಕೆಲವು ರಾಜ್ಯಗಳಲ್ಲಿ ಒಬ್ಬರು ಸತತ 30 ದಿನ ಮೋಟೆಲಿನಲ್ಲಿ ಉಳಿದರೆ ಬಾಡಿಗೆದಾರರ ಹಕ್ಕು ಸಿಗುತ್ತದೆ. ಮಾಲೀಕರು ಆಮೇಲೆ ಕೋರ್ಟಿಗೆ ಹೋಗದೆ ಎಬ್ಬಿಸುವಂತಿಲ್ಲ. ಅದನ್ನು ತಪ್ಪಿಸಲು 28ನೆಯ ದಿನಕ್ಕೆ ಜನರನ್ನು ಹೊರಕಳಿಸಿ, ಒಂದೆರಡು ರಾತ್ರಿ ಕಾರಿನಲ್ಲಿ ಮಲಗಲು ಬಿಟ್ಟು, ಮತ್ತೆ ಸೇರಿಸಿಕೊಳ್ಳುವ ಮೋಟೆಲುಗಳಿವೆ. ಹನ್ನೊಂದನೆಯ ಕೋಣೆಯವರು ಬೇರೊಂದು ರಾಜ್ಯದಲ್ಲಿ ಅದನ್ನು ಅನುಭವಿಸಿ ಬಂದವರು. ಇಲ್ಲಿ ಬಾ ಅಂಥದ್ದೇನೂ ಮಾಡುತ್ತಿರಲಿಲ್ಲ. ಕೇಳಿದಾಗ ಅವರು ಕಂಪಾಲಾದ ಮಾತು ಎತ್ತಿದರು. "ನಮಗೆ ತೊಂಬತ್ತು ದಿನ ಕೊಟ್ಟಿದ್ದರು. ದಿನ ಎಣಿಸುವುದು ಏನೆಂದು ನನಗೆ ಗೊತ್ತು. ಈ ಅಂಗಳದಲ್ಲಿ ಯಾರೂ ದಿನ ಎಣಿಸಬಾರದು."

ಬೆಳಿಗ್ಗೆ ಏಳೂವರೆಗೆ ಹಳದಿ ಬಸ್ಸು ಮೋಟೆಲಿನ ಮುಂದೆಯೇ ನಿಲ್ಲುತ್ತಿತ್ತು. ಮನೆಯಿಲ್ಲದ ಮಕ್ಕಳ ಶಿಕ್ಷಣಕ್ಕಾಗಿ ಅಮೆರಿಕದಲ್ಲಿ 1987ರ ಮೆಕಿನಿ-ವೆಂಟೊ ಕಾಯ್ದೆ ಇದೆ. ಬೇರೆ ಗತಿಯಿಲ್ಲದೆ ಮೋಟೆಲಿನಲ್ಲಿ ಬದುಕುವ ಮಕ್ಕಳನ್ನೂ ಅದು ಮನೆಯಿಲ್ಲದವರೆಂದೇ ಪರಿಗಣಿಸುತ್ತದೆ. ವಿಳಾಸದ ಪುರಾವೆ ಇಲ್ಲವೆಂದು ಶಾಲೆ ಅವರನ್ನು ಹೊರಗಿಡುವಂತಿಲ್ಲ, ಹೋಗಿಬರುವ ವ್ಯವಸ್ಥೆಯನ್ನೂ ಮಾಡಬೇಕು. ಒಳ್ಳೆಯ ಕಾಯ್ದೆ. ನಾನು ಅಲ್ಲಿ ಮೆಚ್ಚಿದ ಕೆಲವೇ ವ್ಯವಸ್ಥೆಗಳಲ್ಲಿ ಅದೂ ಒಂದು. ಶಾನ್ ಬೇಕರ್ 2017ರಲ್ಲಿ ಮಾಡಿದ 'ದಿ ಫ್ಲೋರಿಡಾ ಪ್ರಾಜೆಕ್ಟ್' ಚಿತ್ರ ಇಂಥ ಮಕ್ಕಳದೇ ಕಥೆ, ಡಿಸ್ನಿ ವರ್ಲ್ಡ್‌ನ ನೆರಳಿನ ಮೋಟೆಲೊಂದರಲ್ಲಿ. ಸಿನಿಮಾ ಇಷ್ಟಪಡುವವರು ನೋಡಬೇಕು.

ತಾಯಿಯ ಪಾಳಿ ಸಂಜೆ ತಡವಾದರೆ ಮಕ್ಕಳು ಬಾ ಅವರ ಆಫೀಸಿನಲ್ಲಿ ಕೂರುತ್ತಿದ್ದರು. ಹುಡುಗಿಗೆ ಗಣಿತ ಇಷ್ಟ. ಗೇರ್‌ಬಾಕ್ಸ್ ಎಂದರೇನು ಎಂದು ಕೇಳಿದಳು. ದೊಡ್ಡ ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಸಣ್ಣ ಚಕ್ರ ಎಷ್ಟು ಸುತ್ತು ಹಾಕಬೇಕೆಂದು ಹಲ್ಲುಗಳನ್ನು ಎಣಿಸಿ ಲೆಕ್ಕ ಹಾಕುವುದನ್ನು ಹೇಳಿಕೊಟ್ಟೆ. ರೆಕ್ಕೆಗಳು ನಿಮಿಷಕ್ಕೆ ಹದಿನೈದು-ಇಪ್ಪತ್ತು ಸುತ್ತು ಮಾತ್ರ ತಿರುಗುತ್ತವೆ, ಜನರೇಟರಿಗೆ ಸಾವಿರದ ಮೇಲೆ ಬೇಕು. ನಡುವಿನ ಅಂತರವನ್ನೆಲ್ಲ ಹೊರುವುದು ಗೇರ್‌ಬಾಕ್ಸ್. ಅದಕ್ಕೇ ಅದು ಬೇಗ ಸವೆಯುವುದು ಎಂದೆ. ಮರುದಿನ ಅವಳು ಹೋಮ್‌ವರ್ಕಿನ ಹಾಳೆಯ ಹಿಂದೆ ತಾನೇ ನಾಲ್ಕು ಚಕ್ರಗಳ ಲೆಕ್ಕ ಮಾಡಿ ತಂದಿದ್ದಳು. ಉತ್ತರ ಸರಿಯಿತ್ತು.

ಬಾಗಿಲು ಬಡಿದ ರಾತ್ರಿಯೂ ಒಂದು ಬಂತು. ಕುಡಿದವನೊಬ್ಬ ಕೋಣೆ ತಪ್ಪಿ ನನ್ನ ಬಾಗಿಲಿಗೆ ಗುದ್ದುತ್ತಿದ್ದ. ನಾನು ಗೋಡೆ ಬಡಿದೆ. ಬಾ ಹೊರಬರುವಷ್ಟರಲ್ಲಿ ನಮ್ಮ ತಂಡದ ಇಬ್ಬರು ಹುಡುಗರು, ಹಿಂದಿನ ಸಾಲಿನ ಮೂವರು ಬಾಗಿಲ ಮುಂದಿದ್ದರು. ಲಾರಿಯ ಮುದುಕ ಕೂಡ ಸಿಲಿಂಡರು ಎಳೆದುಕೊಂಡು ಬಂದು ನಿಂತಿದ್ದ. ಯಾರೂ ಕೂಗಾಡಲಿಲ್ಲ. ಅವನನ್ನು ಅವನ ಕೋಣೆಗೆ ಮುಟ್ಟಿಸಿ, ಕೀಲಿ ಹಾಕಿಕೊಟ್ಟು ಹೋದರು. ಕಂಪನಿಯವರು ಕೊಡಿಸುವ ದೊಡ್ಡ ಹೋಟೆಲುಗಳಲ್ಲಿ ಎಷ್ಟೋ ಸಲ ಉಳಿದಿದ್ದೇನೆ. ಹಾಗೆ ಅಷ್ಟು ಜನ ಎದ್ದು ಬಂದದ್ದನ್ನು ಬೇರೆಲ್ಲೂ ಕಂಡಿಲ್ಲ.

ಅದೇ ಬೀದಿಯಲ್ಲಿ 'ಬ್ಲೂ ಸ್ವಾಲೊ' ಎಂಬ ಪ್ರಸಿದ್ಧ ಮೋಟೆಲು ಇದೆ. 1939ರಲ್ಲಿ ಕಟ್ಟಿದ್ದು, ಪ್ರತಿ ಕೋಣೆಯ ಪಕ್ಕದಲ್ಲೂ ಕಾರಿಗೆ ಪ್ರತ್ಯೇಕ ಗ್ಯಾರೇಜ್, ಮೇಲೆ ನೀಲಿ ಹಕ್ಕಿಯ ನಿಯಾನ್. 1958ರಿಂದ ಹೆಚ್ಚುಕಡಿಮೆ ನಲವತ್ತು ವರ್ಷ ಅದನ್ನು ಲಿಲಿಯನ್ ರೆಡ್‌ಮನ್ ಎಂಬ ಹೆಣ್ಣುಮಗಳು ನಡೆಸಿದಳು. ಕೈಯಲ್ಲಿ ಕಾಸಿಲ್ಲದ ದಾರಿಹೋಕರಿಂದ ವಸ್ತು ಇಟ್ಟುಕೊಂಡೋ, ಏನೂ ಇಲ್ಲದಿದ್ದರೆ ಪುಕ್ಕಟೆಯಾಗಿಯೋ ಕೋಣೆ ಕೊಡುತ್ತಿದ್ದಳೆಂದು ಇಂದಿಗೂ ಜನ ಅವಳನ್ನು ಕೊಂಡಾಡುತ್ತಾರೆ. ರೂಟ್ 66ರ ಪುಸ್ತಕಗಳಲ್ಲಿ ಅವಳ ಹೆಸರಿದೆ. ಇರಲೇಬೇಕು. ಅದೇ ಕೆಲಸವನ್ನು ಸ್ವಲ್ಪ ದೂರದಲ್ಲಿ, ಉಣ್ಣೆಯ ಕೋಟು ತೊಟ್ಟ, ಗುಜರಾತಿನ ನವಸಾರಿ ಕಡೆಯ ಮುದುಕಿ ಮಾಡುತ್ತಿದ್ದರೆ ಅದೂ ಈ ರಸ್ತೆಯ ಚರಿತ್ರೆಗೆ ಸೇರಬೇಕು ಎಂಬುದು ನನ್ನ ವಾದ.

ರೂಟ್ 66 ಹುಟ್ಟಿದ್ದು 1926ರ ನವೆಂಬರಿನಲ್ಲಿ. ಅಂದರೆ 2026 ಅದರ ಶತಮಾನದ ವರ್ಷ. ಶತಮಾನೋತ್ಸವಕ್ಕೆ ಜನ ಬರುತ್ತಾರೆ, ಮೋಟೆಲುಗಳು ಬಣ್ಣ ಕಾಣುತ್ತವೆ, ಕೋಣೆಯ ದರ ಏರುತ್ತದೆ. ಈ ಸುದ್ದಿ ಓದಿದಾಗಲೆಲ್ಲ ನನಗೆ ಹಿಂದಿನ ಸಾಲಿನದೇ ಯೋಚನೆ. ಬಾ ಅವರ ಸೊಸೆಗೆ ಫೋನ್ ಮಾಡಿ ಕೇಳಿದೆ. ಬಾ ಈಗ ಮಗನ ಮನೆಯಲ್ಲಿದ್ದಾರೆ, ಮಂಡಿ ನೋವು. ಮೋಟೆಲು ಪೂರ್ತಿ ಅವಳದೇ ಉಸ್ತುವಾರಿ. ಮುಂದಿನ ಸಾಲಿಗೆ ಬಣ್ಣ, ಹೊಸ ಮಂಚ, ನಿಯಾನ್ ಫಲಕದ ದುರಸ್ತಿ ಎಲ್ಲ ಮಾಡಿಸುತ್ತಿದ್ದಾಳೆ. ಹಿಂದಿನ ಸಾಲಿಗೆ ಮಾಡು ಸೋರದಂತೆ ರಿಪೇರಿ, ಹೊಸ ನೀರಿನ ಪೈಪು ಮತ್ತು ಏಸಿ, ಅಷ್ಟೇ. ಗೋಡೆಗೆ ಕೈ ಹಾಕಿದರೆ ಸಾಲ ಹೆಚ್ಚು ಮಾಡಬೇಕು, ಸಾಲ ಹೆಚ್ಚಾದರೆ ಬಾಡಿಗೆ ಏರಿಸಬೇಕು ಎಂದು ಲೆಕ್ಕ ಹೇಳಿದಳು. ಹನ್ನೊಂದನೆಯ ಕೋಣೆಯ ಹುಡುಗಿ ಹೈಸ್ಕೂಲು ಮುಗಿಸುವವರೆಗೆ ಆ ಸಾಲಿನ ಬಾಡಿಗೆ ಏರಿಸುವುದಿಲ್ಲವೆಂದು ಅತ್ತೆ-ಸೊಸೆ ಕೂಡಿ ತೀರ್ಮಾನಿಸಿದ್ದಾರೆ.